ಜೋಳದ ಮೇಲೆ ಹೊರಿಸಿದ ನೋವು

ಬೇರೆಯವರ ಬಾಲ್ಕನಿಯ ತಂತಿಯ ಮೇಲೆ ಕಾಲುಚೀಲ ಒಣಗಿದರೆ, ನಮ್ಮ ಬಾಲ್ಕನಿಯ ತಂತಿಯ ಮೇಲೆ ನಾನು ಮೊಣಕಾಲಿಗೆ ಹಾಕುವ ನೀ-ಕ್ಯಾಪುಗಳು ಒಣಗುತ್ತವೆ. ಮೈಬಣ್ಣದವು ಎಂದು ಹೇಳಿ ಅಂಗಡಿಯವನು ಕೊಟ್ಟಿದ್ದ. ಯಾರ ಮೈಯ ಬಣ್ಣವೋ ಗೊತ್ತಿಲ್ಲ, ನನ್ನದಂತೂ ಅಲ್ಲ. ಒಗೆದೊಗೆದು ಅವು ಈಗ ಯಾವ ಬಣ್ಣಕ್ಕೂ ಸೇರದ ಹಾಗಾಗಿವೆ. ಬೆಳಿಗ್ಗೆ ಕೆಳಗೆ ವಾಕಿಂಗ್ ಹೋಗುವವರು ತಲೆಯೆತ್ತಿ ಅವನ್ನು ನೋಡಿ, "ಕಾಕಾ, ಗುಡಘಾ ಕಸಾ ಆಹೆ?" ಎನ್ನುತ್ತಾರೆ. ಮೊಣಕಾಲಿಗೆ ಇಲ್ಲಿಯವರು ಗುಡಘಾ ಎನ್ನುತ್ತಾರೆ. ಮನುಷ್ಯನನ್ನು ಬಿಟ್ಟು ಮೊಣಕಾಲಿನ ಕ್ಷೇಮ ಕೇಳುತ್ತಾರಲ್ಲ ಎಂದು ಮೊದಮೊದಲು ಬೇಸರವಾಗುತ್ತಿತ್ತು. ಈಗ ನಾಸಿಕದ ಈ ಕಾಲನಿಯಲ್ಲಿ ನನ್ನ ಹೆಸರಿಗಿಂತ ನನ್ನ ಮೊಣಕಾಲಿಗೇ ಹೆಚ್ಚು ಗುರುತು ಇದೆ ಎಂದು ಒಪ್ಪಿಕೊಂಡಿದ್ದೇನೆ.

ಆದರೆ ನಾನು ಬರೆಯಲು ಕೂತದ್ದು ಮೊಣಕಾಲಿನ ಬಗ್ಗೆ ಅಲ್ಲ, ನನ್ನ ಹೆಂಡತಿ ಮಹಾನಂದಾಳ ಬೆರಳುಗಳ ಬಗ್ಗೆ. ಅವಳ ಎರಡೂ ಕೈಗಳ ಗೆಣ್ಣುಗಳಿಗೆ ಬೇನೆ ಹತ್ತಿದೆ. ಯಾವ ಬೆರಳು ಉಳಿಯುತ್ತದೆ, ಯಾವುದು ಸೊಟ್ಟಗಾಗಿಯೇ ನಿಂತುಬಿಡುತ್ತದೆ ಎಂಬುದೊಂದೇ ಈ ವರ್ಷವಿಡೀ ನಮ್ಮ ಮನೆಯ ಚಿಂತೆ. ಅದನ್ನೇ ಹೇಳಬೇಕೆಂದು ಕೂತರೂ ನೋಡಿ, ಮೊದಲು ನನ್ನ ನೀ-ಕ್ಯಾಪೇ ಬಂತು. ಯಾರ ನೋವಿನ ಮಾತು ಎತ್ತಿದರೂ ಅದನ್ನು ತಿರುಗಿಸಿ ನನ್ನ ಮೊಣಕಾಲಿಗೆ ತಂದು ನಿಲ್ಲಿಸುವ ಚಟ ನನಗಿದೆ. ದಣಿದಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ.

ನನ್ನ ಊರು ಬಸವಕಲ್ಯಾಣದ ಹತ್ತಿರ. ಮೀಸೆ ಮೂಡುವ ವಯಸ್ಸಿನಲ್ಲಿ ಈ ಕಡೆ ಬಂದು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದೆ, ಅಲ್ಲಿಂದಲೇ ನಿವೃತ್ತನಾದೆ. ವಿಮಾನದ ಕೆಲಸ ಎಂದ ಕೂಡಲೇ ಊರವರು ನಾನು ಅದನ್ನು ಹಾರಿಸುತ್ತೇನೆ ಎಂದುಕೊಂಡಿದ್ದರು. ನಾನೂ ಬಹಳ ದಿನ ತಿದ್ದಲಿಲ್ಲ. ನಿಜವಾಗಿ ನಾನು ಮಾಡುತ್ತಿದ್ದದ್ದು ತಗಡಿಗೆ ತಗಡು ಬಿಗಿಯುವ ರಿವೆಟ್ ಮೊಳೆ ಕೂಡಿಸುವ ಕೆಲಸ. ಅದಕ್ಕೆ ಇಬ್ಬರು ಬೇಕು. ತಗಡಿನ ಹೊರಗೆ ನಿಂತವನು ಗನ್ ಹಿಡಿದು ಹೊಡೆಯುತ್ತಾನೆ, ಒಳಗೆ ಕೂತವನು ಅದಕ್ಕೆ ಎದುರಾಗಿ ಉಕ್ಕಿನ ತುಂಡೊಂದನ್ನು ಒತ್ತಿ ಹಿಡಿಯುತ್ತಾನೆ. ನಾನು ಗಿಡ್ಡ. ಆದ್ದರಿಂದ ಇಕ್ಕಟ್ಟಿನಲ್ಲಿ ತೂರಿ ಮೊಣಕಾಲೂರಿ ಕೂರುವ ಕೆಲಸ ಯಾವಾಗಲೂ ನನಗೇ ಬರುತ್ತಿತ್ತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿಕೊಳ್ಳಲು ಕುರ್ಚಿಯಿಂದ ಎದ್ದಾಗ ನನ್ನ ಮೊಣಕಾಲು ಕಟ್ ಎಂದ ಸದ್ದು ಮೈಕಿನಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಿತು. ಅಂದಿನ ಭಾಷಣಗಳಲ್ಲಿ ಜನ ನೆನಪಿಟ್ಟುಕೊಂಡದ್ದು ಅದೊಂದನ್ನೇ.

ನಮ್ಮ ಆಯಿಗೂ, ಅಂದರೆ ಅಪ್ಪನ ತಾಯಿಗೂ, ಇದೇ ಮೊಣಕಾಲಿತ್ತು. ಸಂಜೆಯಾದರೆ ಅವಳು ಪಡಸಾಲೆಯಲ್ಲಿ ಕೌದಿ ಹಾಸಿ ಬೋರಲು ಮಲಗಿ ಮೊಮ್ಮಕ್ಕಳನ್ನು ಕರೆಯುತ್ತಿದ್ದಳು. ನಾವು ಗೋಡೆ ಹಿಡಿದುಕೊಂಡು ಅವಳ ಮೀನಖಂಡದ ಮೇಲೆ ಮೇಲಿಂದ ಕೆಳಗೆ ತುಳಿಯುತ್ತ ನಡೆಯಬೇಕು. ಭಾರದ ಹುಡುಗರು ತೊಡೆಗೆ, ಹಗುರದವರು ಕಾಲಿಗೆ. ನಾನು ಎರಡಕ್ಕೂ ಸಾಲುತ್ತಿರಲಿಲ್ಲ, ನನ್ನನ್ನು ಪಾದಕ್ಕೆ ಹಾಕಿದ್ದಳು. ಆಮೇಲೆ ಎಕ್ಕೆಯ ಎಲೆಗೆ ಎಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಮೊಣಕಾಲಿಗೆ ಸುತ್ತಿ, ಹಳೆಯ ಧೋತರದ ಚೂರಿನಿಂದ ಕಟ್ಟುತ್ತಿದ್ದಳು. ಎಣ್ಣೆ ಮತ್ತು ಸುಟ್ಟ ಎಲೆಯ ಆ ವಾಸನೆಗೆ ಈಗಲೂ ನನಗೆ ನಿದ್ದೆ ಬರುತ್ತದೆ. ಏನು ಬೇನೆ ಎಂದು ಕೇಳಿದರೆ, "ವಾಯು ಹೊಕ್ಕದ, ಮಗಾ" ಎನ್ನುತ್ತಿದ್ದಳು. ಮೊಣಕಾಲಾದರೂ ಅಷ್ಟೇ, ಸೊಂಟವಾದರೂ ಅಷ್ಟೇ, ಪಕ್ಕದ ಮನೆಯವಳ ಕುತ್ತಿಗೆಯಾದರೂ ಅಷ್ಟೇ. ಆಯಿಯ ಕಾಲದಲ್ಲಿ ಕಾರಣ ಒಂದೇ ಇತ್ತು. ಅದೊಂದು ಸುಖ.

ಕೀಲುನೋವಿಗೆ ಇಷ್ಟೊಂದು ಕಾರಣಗಳಿವೆ ಎಂದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಕಾಲನಿಯ ಗಾರ್ಡನ್ನಿನ ಬೆಂಚಿನ ಮೇಲೆ. ಅಲ್ಲಿ ಒಬ್ಬರು ಡಿ ವಿಟಮಿನ್ ಎನ್ನುತ್ತಾರೆ, ಮತ್ತೊಬ್ಬರು ಥೈರಾಯ್ಡ್ ನೋಡಿಸಿ ಎನ್ನುತ್ತಾರೆ, ಇನ್ನೊಬ್ಬರು ಬದನೆಕಾಯಿ ಬಿಡಿ ಎನ್ನುತ್ತಾರೆ. ಚಿಕೂನ್‌ಗುನ್ಯಾ ಬಂದಿದ್ದ ವರ್ಷ ಜ್ವರ ಹೋಗಿ ತಿಂಗಳುಗಳಾದರೂ ನಮ್ಮ ಬೀದಿಯ ಗಟ್ಟಿಮುಟ್ಟಾದ ಗಂಡಸರು ಕೂಡ ಗೋಡೆ ಹಿಡಿದು ನಡೆಯುತ್ತಿದ್ದರು. ಹಾಲಿನವನು ಹಾಲು ತಂದು ಕೊಟ್ಟು ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು ಹೋಗುತ್ತಿದ್ದ.

ಈ ಬೆಂಚಿನ ಮುಖ್ಯ ವೈದ್ಯರು ಭಾಲ್ಕಿ ಕಡೆಯ ಬಿರಾದಾರ್. ಬಟ್ಟೆ ಅಂಗಡಿ ಅವರದು, ವೈದ್ಯಕೀಯ ಹವ್ಯಾಸ. ಒಂದು ಬೆಳಿಗ್ಗೆ ಅವರ ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡು, ಫ್ಯಾನಿನ ಗಾಳಿ ತಾಗಿದರೂ ಕಿರಿಚುವಂತಾಯಿತು. ಹಿಂದಿನ ದಿನ ರೈಲಿನಲ್ಲಿ ಯಾರೋ ಕಾಲು ತುಳಿದಿರಬೇಕು ಎಂದು ಆ ಅಪರಿಚಿತನನ್ನು ವಾರಗಟ್ಟಲೆ ಬೈದರು. ಕೊನೆಗೆ ರಕ್ತ ನೋಡಿಸಿದರೆ ಯೂರಿಕ್ ಆಸಿಡ್ ಏರಿತ್ತು. ಅಂದಿನಿಂದ ಅವರಿಗೆ ಕಾಲನಿಯ ಎಲ್ಲರಲ್ಲೂ ಯೂರಿಕ್ ಆಸಿಡ್ಡೇ ಕಾಣುತ್ತದೆ. ನನ್ನ ಮನೆಗೆ ಬಂದು, "ನಿಮ್ಮ ಮಣಕಾಲಿಗಿ ಬ್ಯಾಳಿನೇ ಕಾರಣ ನೋಡ್ರಿ. ಬ್ಯಾಳಿ ಬಿಡ್ರಿ, ಮಗ್ಗಲ ಮನಿ ಹುಡುಗನಂಗ ಓಡ್ತೀರಿ" ಎನ್ನುತ್ತ ಮಹಾನಂದಾ ತಂದಿಟ್ಟ ಚಹಾ ಹೀರುತ್ತಿದ್ದರು. ಹೀಗೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೊಣಕಾಲು, ಹೆಬ್ಬೆರಳು, ಸೊಂಟಗಳ ಸಭೆ ನಡೆಯುತ್ತಿದ್ದಾಗ ಅವಳು ಖಾಲಿ ಕಪ್ಪುಗಳನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಒಳಗೆ ಒಯ್ಯುತ್ತಿದ್ದಳು. ಕಪ್ಪಿನ ಕಿವಿಯಲ್ಲಿ ಬೆರಳು ಹಾಕುವುದನ್ನು ಅವಳು ಯಾವಾಗ ಬಿಟ್ಟಳೋ ಯಾರಿಗೂ ತಿಳಿಯಲಿಲ್ಲ.

ಈಗ ರೊಟ್ಟಿಗೆ ಬರುತ್ತೇನೆ. ಅವಳ ತವರು ಆಳಂದದ ಕಡೆ. ಆ ಕಡೆಯ ಹೆಣ್ಣುಮಕ್ಕಳ ಜೋಳದ ರೊಟ್ಟಿಯ ಬಗ್ಗೆ ನಾನು ಹೇಳುವುದೇನಿದೆ? ನಮ್ಮ ಅಡುಗೆಮನೆಯಿಂದ ಪಟಪಟ ಸದ್ದು ಬಂದರೆ ಮೇಲಿನ ಮಹಡಿಯ ಮರಾಠಿ ಹೆಂಗಸರು ನೋಡಲೆಂದೇ ಇಳಿದು ಬರುತ್ತಿದ್ದರು. ಅವರ ಭಾಕರಿ ದಪ್ಪ, ಇವಳದು ತೆಳು. ಅದು ಇವಳ ಮುಖದಲ್ಲಿ ಕಾಣುತ್ತಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ.

ಹೋದ ವರ್ಷ ಸಂತೆಗೆ ದ್ರಾಕ್ಷಿ ಬರುವ ಹೊತ್ತಿಗೆ ನಮ್ಮ ರೊಟ್ಟಿ ದಪ್ಪಗಾಗತೊಡಗಿತು. ಸ್ವಲ್ಪ ದಿನಕ್ಕೆ ಅಗಲ ಕಡಿಮೆಯಾಯಿತು. ಅಂಚು ಒಡೆಯತೊಡಗಿತು.

"ಏನ್ ಇದು, ರೊಟ್ಟಿ ಹಿಂಗ್ಯಾಕ ಆಗ್ಲತ್ತಾವ?" ಎಂದೆ.

"ಜ್ವಾಳ ಛಲೋ ಇಲ್ರಿ" ಎಂದಳು. "ಜಿಗಿನೇ ಇಲ್ಲ ಇದರಾಗ. ಕೈಗಿ ಹತ್ತವಲ್ದು."

ಮಾತು ಅಲ್ಲಿಗೆ ಮುಗಿಯಿತು. ಬೇರೆ ಜನ ಆಗಿದ್ದರೆ ಕೈ ತೋರಿಸು ಎನ್ನುತ್ತಿದ್ದರೇನೋ. ನಮ್ಮ ಕಡೆಯವರಿಗೆ ಅದು ಹೊಳೆಯುವುದಿಲ್ಲ. ರೊಟ್ಟಿ ಕೆಟ್ಟರೆ ತಪ್ಪು ಜೋಳದ್ದು. ಜೋಳ ಒಳ್ಳೆಯದಿದ್ದರೆ ಗಿರಣಿಯವನದು, ಗಿರಣಿಯವನದೂ ಅಲ್ಲದಿದ್ದರೆ ಹಿಟ್ಟಿಗೆ ಹಾಕುವ ಬಿಸಿನೀರಿನದು. ಬಡಿಯುವ ಕೈಯ ಮೇಲೆ ಸಂಶಯ ಪಡುವುದು ಮನೆಯ ಹೆಂಗಸಿನ ಮಾನದ ಮೇಲೆ ಕೈಹಾಕಿದ ಹಾಗೆ. ನಾನು ಮರ್ಯಾದಸ್ಥ ಗಂಡ, ಜೋಳ ಬದಲಿಸಲು ಹೊರಟೆ.

ಪಂಚವಟಿಯ ಅಂಗಡಿಯ ಜೋಳ ಬಿಟ್ಟು ನಾಸಿಕ್ ರೋಡಿನ ಅಂಗಡಿಯದು ತಂದೆ. ಅದೂ ಆಗಲಿಲ್ಲ. ಗಿರಣಿ ಬದಲಿಸಿದೆ. ಹೊಸ ಗಿರಣಿಗೆ ಹೋಗಲು ಏರು ರಸ್ತೆ ಬೇರೆ, ಹೆಗಲ ಮೇಲೆ ಹಿಟ್ಟಿನ ಡಬ್ಬಿ, ಕೆಳಗೆ ನನ್ನ ಮೊಣಕಾಲು. ಗಿರಣಿಯವನ ಮುಂದೆ ನಿಂತು ಸಣ್ಣಗೆ ಬೀಸು, ಇನ್ನೂ ಸಣ್ಣಗೆ ಬೀಸು ಎಂದು ಅವನ ಪ್ರಾಣ ತಿಂದೆ. ಕೊನೆಗೆ ಅವಳ ತಮ್ಮನಿಗೆ ಫೋನ್ ಮಾಡಿ ಅವರ ಹೊಲದ ಜೋಳವನ್ನೇ ತರಿಸಿದೆ. ಸೊಲ್ಲಾಪುರದ ಮೇಲಿಂದ ಬಸ್ಸಿನ ಟಾಪಿನಲ್ಲಿ ಚೀಲ ಬಂತು. ಒಂದು ವಾರದ ನಂತರ ಅದರ ರೊಟ್ಟಿಯೂ ಒಡೆಯಿತು. ಅಳಿಯತನದ ಸಲಿಗೆಯಲ್ಲಿ ಫೋನಿನಲ್ಲಿ ಅದನ್ನೂ ಹೇಳಿಬಿಟ್ಟೆ.

"ಏನ್ ಮಾಮಾ, ನಮ್ಮ ಹೊಲದ ಜ್ವಾಳಕ್ಕೇ ಹೆಸರಿಡ್ಲತ್ತೀರಿ?" ಎಂದು ಅವನು ಸಿಟ್ಟಾದ. "ಇಡೀ ಊರು ಉಣ್ಲತ್ತದ, ನಿಮಗೊಬ್ಬರಿಗೇ ಛಲೋ ಇಲ್ಲೇನು?"

ನಾಲ್ಕು ತಿಂಗಳು ಮಾತು ಬಿಟ್ಟ. ಪಾಪ, ಅವನ ಜೋಳದ ತಪ್ಪು ಏನೂ ಇರಲಿಲ್ಲ.

ರೊಟ್ಟಿಯ ಆಚೆಗೂ ಸುಳಿವುಗಳು ಬೇಕಾದಷ್ಟಿದ್ದವು. ಹಾಲಿನ ಪಾಕೀಟನ್ನು ಅವಳು ಹಲ್ಲಿನಿಂದ ಹರಿಯುತ್ತಿದ್ದಳು. ಬಳೆ ತೆಗೆಯುವುದನ್ನು ಬಿಟ್ಟಿದ್ದಳು. ಒಗೆದ ಬಟ್ಟೆ ಹಿಂಡದೆ ಹಾಗೇ ಹಾಕುತ್ತಿದ್ದಳು, ನೀರು ಕೆಳಗಿನವರ ಬಾಲ್ಕನಿಗೆ ಸುರಿದು ಜಗಳವಾಗಿತ್ತು. ನಾಸಿಕದ ಥಂಡಿ ಎಂದು ಅವಳು ಹೇಳುತ್ತಿದ್ದಳು, ಥಂಡಿಯೇ ಇರಬೇಕು ಎಂದು ನಾವೂ ಹೇಳುತ್ತಿದ್ದೆವು. ಬೆಳಿಗ್ಗೆ ಸ್ನಾನವಾದ ಮೇಲೆ ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮಾಡುವುದು ನಮ್ಮಲ್ಲಿಯ ಪದ್ಧತಿ. ನಾನು ಮೊಣಕಾಲಿನ ನೆವ ಹೇಳಿ ಕುರ್ಚಿಯ ಮೇಲೆ ಕೂತು ಬೇಗ ಮುಗಿಸಿಬಿಡುತ್ತೇನೆ. ಅವಳು ಮಾತ್ರ ಮೊದಲಿಗಿಂತ ಬಹಳ ಹೊತ್ತು ಕೂರತೊಡಗಿದ್ದಳು. ವಯಸ್ಸಾದ ಹಾಗೆ ಭಕ್ತಿ ಹೆಚ್ಚಿದೆ ಎಂದುಕೊಂಡೆ. ಅಂಗೈ ಬಿಚ್ಚಿಕೊಳ್ಳುವ ತನಕ ಲಿಂಗವನ್ನು ಕೈಗೆ ತೆಗೆದುಕೊಳ್ಳದೆ ಸುಮ್ಮನೆ ಕಾಯುತ್ತ ಕೂರುತ್ತಿದ್ದಳು ಎಂದು ಗೊತ್ತಾದದ್ದು ಆಮೇಲೆ. ಅದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಮಗಳು ಸಂಗೀತಾ ಸಂಭಾಜಿನಗರದಲ್ಲಿದ್ದಾಳೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಆದರೆ ಬಾಯಿಗೆ ಅರ್ಧ ಮಾತ್ರ ಬರುತ್ತದೆ, ಉಳಿದರ್ಧಕ್ಕೆ ಮರಾಠಿ ಸೇರುತ್ತದೆ. "ಪಪ್ಪಾ, ಇಕಡೆ ಯಾ. ಇಲ್ಲಿ ಕೀಲಿನ ಡಾಕ್ಟರ್ ಭಾರೀ ಅದಾರ. ತುಮಚಾ ಗುಡಘಾ ಒಂದ್ಸಲ ತೋರಿಸೂಣು" ಎಂದು ಫೋನಿನಲ್ಲಿ ಒತ್ತಾಯ ಮಾಡಿದಳು. ಹೀಗೆ ನಾವು ಹೋದದ್ದು ನನ್ನ ಮೊಣಕಾಲಿಗಾಗಿ. ಮಹಾನಂದಾ ಬಂದದ್ದು ಎಕ್ಸ್‌ರೇ ಹಿಡಿದುಕೊಳ್ಳಲು ಮತ್ತು ಮಗಳಿಗೆ ಉಪ್ಪಿನಕಾಯಿ ತಲುಪಿಸಲು.

ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, ಸಾವಧಾನದವರು. ನಾನು ನನಗೆ ಬರುವ ಮರಾಠಿಯನ್ನೆಲ್ಲ ಒಟ್ಟುಗೂಡಿಸಿ, ಕಾರ್ಖಾನೆಯಿಂದ ಹಿಡಿದು ಬೀಳ್ಕೊಡುಗೆಯ ಮೈಕಿನವರೆಗೆ ಹೇಳಿದೆ. ಅವರು ಎಕ್ಸ್‌ರೇ ಕೇಳಿದರು. ಮಹಾನಂದಾ ಲಕೋಟೆಯಿಂದ ಅದನ್ನು ತೆಗೆಯಲು ಹೋದಳು. ಬೆರಳುಗಳಿಗೆ ಅದು ಸಿಗಲೇ ಇಲ್ಲ. ಲಕೋಟೆಯನ್ನು ಎದೆಗೆ ಒತ್ತಿಕೊಂಡು ಮಣಿಕಟ್ಟಿನಿಂದ ಮೇಲೆ ದೂಡಿದಳು. ಅದು ಜಾರಿ ನೆಲಕ್ಕೆ ಬಿತ್ತು. "ಗಡಬಡ ಮಾಡಬ್ಯಾಡ" ಎಂದು ನಾನು ಗೊಣಗಿದೆ. ಡಾಕ್ಟರು ಎಕ್ಸ್‌ರೇ ಎತ್ತಿಕೊಳ್ಳಲಿಲ್ಲ.

"ಕಾಕೂ, ಹಾತ್ ದಾಖವಾ" ಎಂದು ಕೈ ತೋರಿಸಲು ಹೇಳಿ ಅವಳ ಮುಂದೆ ತಮ್ಮ ಅಂಗೈ ಚಾಚಿದರು.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಸಂಕೋಚಪಡುತ್ತ ಮೇಜಿನ ಮೇಲಿಟ್ಟಳು. ಡಾಕ್ಟರು ಒಂದೊಂದೇ ಗೆಣ್ಣನ್ನು ಮೆತ್ತಗೆ ಒತ್ತಿ ಅವಳ ಮುಖ ನೋಡಿದರು. ಆ ಮುಖ ಪ್ರತಿ ಗೆಣ್ಣಿಗೂ ಬದಲಾದದ್ದನ್ನು ನಾನೂ ನೋಡಿದೆ. ಅವಳ ಕೈಯನ್ನು ನಾನು ಅಷ್ಟು ಹತ್ತಿರದಿಂದ ಎಷ್ಟು ವರ್ಷಗಳಾಗಿ ನೋಡಿರಲಿಲ್ಲವೋ. ಬೆರಳಿನ ಬುಡಗಳು ಊದಿಕೊಂಡಿದ್ದವು. ಬಲಗೈಯ ಎರಡು ಬೆರಳು ಆಗಲೇ ಹೊರಕ್ಕೆ ವಾಲಿದ್ದವು.

ಬೆಳಿಗ್ಗೆ ಎದ್ದಾಗ ಬೆರಳು ಎಷ್ಟು ಹೊತ್ತು ಬಿಗಿಯಾಗಿರುತ್ತವೆ ಎಂದು ಡಾಕ್ಟರು ಕೇಳಿದರು. ಮಹಾನಂದಾ ನನ್ನ ಕಡೆ ನೋಡಿ, ಕನ್ನಡದಲ್ಲಿಯೇ ಹೇಳಿದಳು: "ಬಾಲ್ಕನಿಗಿ ಬಿಸಲು ಬರೂ ತನಾ." ಮಗಳು ಅದನ್ನು ಮರಾಠಿಗೆ ತಿರುಗಿಸಿದಳು.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ನನ್ನ ಮೊಣಕಾಲಿನದು ಸವೆತ. ವಯಸ್ಸು, ಮಾಡಿದ ಕೆಲಸ, ಹೊಟ್ಟೆಯ ಭಾರ. ನಡೆದರೆ ನೋಯುತ್ತದೆ, ಕೂತರೆ ಇಳಿಯುತ್ತದೆ. ಅವಳದು ತಿರುವುಮುರುವು. ರಾತ್ರಿಯೆಲ್ಲ ವಿಶ್ರಾಂತಿ ಸಿಕ್ಕ ಮೇಲೆಯೇ ಬಿಗಿಯುತ್ತದೆ, ಕೆಲಸಕ್ಕೆ ಹಚ್ಚಿದರೆ ಸ್ವಲ್ಪ ಸಡಿಲಾಗುತ್ತದೆ. ಎರಡೂ ಕೈಗೆ ಒಟ್ಟಿಗೇ ಬರುತ್ತದೆ, ಸಣ್ಣ ಕೀಲುಗಳನ್ನೇ ಹಿಡಿಯುತ್ತದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ದಿಕ್ಕುತಪ್ಪಿ ಮೈಯ ಕೀಲುಗಳನ್ನು ಕೆಡಿಸುವ ಸಂಧಿವಾತ ಅದು. ಥಂಡಿಯಿಂದ ಬಂದದ್ದಲ್ಲ, ನೀರಿನಿಂದ ಬಂದದ್ದಲ್ಲ. ರಕ್ತಪರೀಕ್ಷೆಯಲ್ಲೂ ಅದೇ ಬಂತು. ಬೇಗ ಬಂದಿದ್ದರೆ ಒಳ್ಳೆಯದಿತ್ತು, ಈಗಲೂ ತಡವೇನಲ್ಲ, ವಾಲಿದ ಬೆರಳು ತಿರುಗಿ ಬರುವುದು ಕಷ್ಟ, ಉಳಿದವನ್ನು ಉಳಿಸಲು ನೋಡೋಣ ಎಂದರು. ನನ್ನ ಮೊಣಕಾಲಿಗೆ ಸಿಕ್ಕದ್ದು ಒಂದೇ ಮಾತು, ತೂಕ ಇಳಿಸಿ. ಎಂಥ ಮೊಣಕಾಲು, ಎಷ್ಟು ವರ್ಷ ಅದರ ಕೀರ್ತನೆ ಮಾಡಿದ್ದೆ!

ಹೊರಗೆ ಬಂದ ಮೇಲೆ, "ನಿನಗ ಗೊತ್ತಿತ್ತೇನು?" ಎಂದು ಕೇಳಿದೆ.

"ನನಗೂ ಜ್ವಾಳದ್ದೇ ಅನಿಸಿತ್ತುರಿ" ಎಂದಳು. ಚಪ್ಪಲಿ ಮೆಟ್ಟಿಕೊಂಡು, "ಮೊದಲು ಮೊದಲು" ಎಂದಳು.

ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಗುಳಿಗೆಯ ರಾಜ್ಯ. ಮುಖ್ಯವಾದದ್ದನ್ನು ವಾರಕ್ಕೆ ಒಂದೇ ದಿನ ನುಂಗಬೇಕು, ಮರೆತೂ ದಿನಾ ನುಂಗಬಾರದು ಎಂದು ಡಾಕ್ಟರು ಗಟ್ಟಿಯಾಗಿ ಎಚ್ಚರಿಸಿದ್ದರು. ಸೋಮವಾರ ಶಿವನ ವಾರ, ಮರೆಯುವುದಿಲ್ಲ ಎಂದು ಅವಳು ಸೋಮವಾರವನ್ನೇ ಹಿಡಿದಳು. ಮಂಗಳವಾರ ಇಡೀ ದಿನ ಅವಳಿಗೆ ಓಕರಿಕೆ. ಗುಣ ಕಾಣಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಆಗಾಗ ಪರೀಕ್ಷೆಗೆ ರಕ್ತ ಕೊಡುತ್ತಿರಬೇಕು. ನಾನು ಹಾಲಿನ ಪಾಕೀಟು ಕತ್ತರಿಸುತ್ತೇನೆ, ಬಟ್ಟೆ ಹಿಂಡುತ್ತೇನೆ, ಅವಳ ಜಡೆಯನ್ನು ಮಾತ್ರ ಹಗ್ಗ ಹೊಸೆದ ಹಾಗೆ ಹಾಕುತ್ತೇನೆ. ಬಿರಾದಾರ್ ಬಂದು ಬೇಳೆ ಬಿಡಲು ಅವಳಿಗೂ ಹೇಳಿ ಹೋದರು. ನಿಜ ಹೇಳುತ್ತೇನೆ, ನನಗೆ ಸಾಕಾಗಿದೆ. ಅವಳಿಗೆ ನನಗಿಂತ ಹೆಚ್ಚು ಸಾಕಾಗಿದೆ. ಇಬ್ಬರೂ ಮಧ್ಯಾಹ್ನ ಕೂತು ಗೋಡೆ ನೋಡುತ್ತೇವೆ.

ರೊಟ್ಟಿಗೆ ಈಗ ನಿಫಾಡ್ ಕಡೆಯ ಒಬ್ಬ ಮಾವಶಿ ಬರುತ್ತಾಳೆ, ಅಡುಗೆಯವಳನ್ನು ಇಲ್ಲಿ ಹಾಗೇ ಕರೆಯುತ್ತಾರೆ. ಒಳ್ಳೆಯ ಹೆಂಗಸು, ಒಳ್ಳೆಯ ಭಾಕರಿ. ಅವಳು ಬಡಿಯುವಾಗ ಮಹಾನಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಸೆರಗಿನ ಒಳಗೆ ಇವಳ ಬೆರಳುಗಳೂ ಅದೇ ಲೆಕ್ಕಕ್ಕೆ ಅಲುಗಾಡುತ್ತಿರುತ್ತವೆ. ಊಟದ ಹೊತ್ತಿಗೆ ತನಗೆ ಅನ್ನ ಸಾಕು ಎನ್ನುತ್ತಾಳೆ.

ಹೋದ ವಾರ ಮತ್ತೆ ಸಂಭಾಜಿನಗರಕ್ಕೆ ಹೋಗಿದ್ದೆವು. ಗುಳಿಗೆ ಹಿಡಿದಿದೆಯೋ ಇಲ್ಲವೋ ಎಂದು ಈ ಸಲ ಗೊತ್ತಾಗಬೇಕಿತ್ತು. ಡಾಕ್ಟರು ಮುಷ್ಟಿ ಕಟ್ಟಲು ಹೇಳಿದರು. ಎಡಗೈ ಪೂರ್ತಿ ಮುಚ್ಚಿತು. ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಬಲಗೈ ಅರ್ಧಕ್ಕೆ ನಿಂತಿತು, ಆ ಎರಡು ಬೆರಳು ಹೊರಗೇ ಉಳಿದವು. ಎಡಗೈ ಉಳಿಯಿತು, ಊತ ಇಳಿದಿದೆ, ಬಲಗೈಯ ಆ ಎರಡು ಬೆರಳು ಇನ್ನು ಹಾಗೆಯೇ, ಗುಳಿಗೆ ಬಿಡುವ ಹಾಗಿಲ್ಲ ಎಂದರು. ನನಗೆ ಒಳ್ಳೆಯ ಸುದ್ದಿಯೇ ಅನಿಸಿತು.

ಮಹಾನಂದಾ ಎದ್ದು ನಿಂತವಳು ಮತ್ತೆ ಕೂತಳು. ತನ್ನ ಹರಕು ಮರಾಠಿಯಲ್ಲಿ, ಇನ್ನು ಭಾಕರಿ ಬಡಿಯಬಹುದೇ ಎಂದು ಕೇಳಿದಳು.

"ನಕೋ ಕಾಕೂ" ಎಂದರು ಡಾಕ್ಟರು. "ಬೇರೆ ಏನಾದರೂ ಮಾಡಿ. ಆ ಹೊಡೆತ ಮಾತ್ರ ಬೇಡ. ಉಳಿದದ್ದನ್ನು ಉಳಿಸಿಕೊಳ್ಳಬೇಕಲ್ಲ?"

ನಾಸಿಕದ ನೇರ ಗಾಡಿ ತಪ್ಪಿ, ಸಿಕ್ಕ ಗಾಡಿಯಲ್ಲಿ ಮನ್ಮಾಡ್‌ವರೆಗೆ ಬಂದೆವು. ಮನ್ಮಾಡಿನಲ್ಲಿ ಗಾಡಿ ಬದಲಿಸಲು ಆಚೆಯ ಪ್ಲಾಟ್‌ಫಾರ್ಮಿಗೆ ಹೋಗಬೇಕು. ಸೇತುವೆಯ ಮೆಟ್ಟಿಲ ಬುಡದಲ್ಲಿ ನಾನು ಎಂದಿನಂತೆ ನಿಂತು ಉಸಿರೆಳೆದುಕೊಂಡೆ. ಜನ ನಮ್ಮನ್ನು ಸವರಿಕೊಂಡು ಹತ್ತುತ್ತಿದ್ದರು. ಬಿಸಿಲಿನಲ್ಲಿ ಈರುಳ್ಳಿ ಚೀಲಗಳ ವಾಸನೆ.

"ರೊಟ್ಟಿ ಬಡೀಬ್ಯಾಡ ಅಂದ್ರ ಬಿಡ್ತೀನ್ರಿ" ಎಂದಳು ಅವಳು ಇದ್ದಕ್ಕಿದ್ದಂತೆ. ಕಣ್ಣಲ್ಲಿ ನೀರಿತ್ತು. "ಆದ್ರ ಇನ್ನ ನಾ ಎದಕ್ಕ ಬೇಕ್ರಿ ಮನ್ಯಾಗ? ನೀವ್ ಬಟ್ಟಿ ಹಿಂಡ್ತೀರಿ, ಮಾವಶಿ ಅಡಿಗಿ ಮಾಡ್ತಾಳ. ನಾ ಏನ್ ಮಾಡ್ಲಿ?"

ಇಷ್ಟು ವರ್ಷ ಅವಳು ನನಗೆ ಇಂಥದ್ದೊಂದು ಪ್ರಶ್ನೆ ಕೇಳಿರಲಿಲ್ಲ. ನನಗೆ ಅಳು ಬಂತು. ಆದರೆ ನನ್ನ ಬಾಯಿಯ ಚಟ ನಿಮಗೆ ಗೊತ್ತಿದೆ.

"ನನ್ನ ಹತ್ತಿಸ್ಲಿಕ್ಕ ಬೇಕು" ಎಂದೆ. "ಇಷ್ಟು ಪಾವಟಿಗಿ ನಾ ಒಬ್ಬಾವ ಹ್ಯಾಂಗ ಹತ್ಲಿ?"

ಅವಳು ನಗಲಿಲ್ಲ. ಆದರೆ ಮೆಟ್ಟಿಲುಗಳ ಕಡೆ ನೋಡಿದಳು. ನಾನು ಅವಳ ಕೈಗೆ ಕೈ ಚಾಚಿದೆ. ಅವಳು ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಅಲ್ಲಿ ಹಿಡೀಬ್ಯಾಡ್ರಿ, ನೋಯ್ತದ."

"ಮತ್ತ ಎಲ್ಲಿ ಹಿಡೀಲಿ?"

ಅವಳು ಸೆರಗು ಸರಿಸಿ ಮೊಳಕೈಯನ್ನು ನನ್ನ ಕಡೆ ಚಾಚಿದಳು.

"ಇಲ್ಲಿ ಹಿಡೀರಿ" ಎಂದಳು. "ಇಲ್ಲಿಗಿ ಇನ್ನಾ ಬಂದಿಲ್ಲ."